ಎಡಗಡೆಯ ಕೆಂಪು ದೀಪ ಮತ್ತು ಒಂದು ಡಬ್ಬಿ ಸಾರು

ಎಂಟು ತಿಂಗಳ ಕಾಲ ನಾನು ಭದ್ರಾವತಿಯ ರಾಮಯ್ಯನವರನ್ನು ದೊಡ್ಡ ಮೀಸೆಯ ಮನುಷ್ಯ ಎಂದೇ ನಂಬಿದ್ದೆ. ಮುಖ ನೋಡಿರಲಿಲ್ಲ. ಶಿವಮೊಗ್ಗ ಭದ್ರಾವತಿಯ ಕಾರುಪ್ರಿಯರೆಲ್ಲ ಸೇರಿ ಮಾಡಿಕೊಂಡಿರುವ ‘ತುಂಗಭದ್ರಾ ಕಾರು ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಅವರ ಹೆಸರಿತ್ತು; ಮುಖ ಇರಬೇಕಾದ ಜಾಗದಲ್ಲಿ ಒಂದು ಸ್ಟೆಪ್ನಿಯ ಫೋಟೊ ಇತ್ತು. ನೂರಹನ್ನೆರಡು ಜನರ ಆ ಗುಂಪಿನಲ್ಲಿ ಯಾರಾದರೂ ಒಂದು ಪ್ರಶ್ನೆ ಹಾಕಿದರೆ ಸಂಜೆಯೊಳಗೆ ಅರವತ್ತು ಉತ್ತರ ಬರುತ್ತದೆ. ಐವತ್ತೊಂಬತ್ತು ಉತ್ತರಗಳು ಒಂದರ ಕಾಲರನ್ನು ಇನ್ನೊಂದು ಹಿಡಿದುಕೊಂಡಿರುತ್ತವೆ. ಅರವತ್ತನೆಯದು ರಾಮಯ್ಯನವರದು. ಅದರಲ್ಲಿ ನಾಲ್ಕೈದು ಪದ ಮಾತ್ರ ಇರುತ್ತದೆ, ಮತ್ತು ಅದು ಸರಿಯಾಗಿರುತ್ತದೆ.

ನನ್ನ ಕಾರಿನ ಬ್ಯಾಟರಿಯ ಮೂತಿಗೆ ಹಸಿರು ಬೂಷ್ಟು ಹಿಡಿದಾಗ ನಾನೂ ಕೇಳಿದ್ದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಸುದರ್ಶನ ‘ಭಾಗ ಒಂದು’ ಎಂದು ತಲೆಬರಹ ಕೊಟ್ಟು ಒಂದು ಪ್ರಬಂಧ ಬರೆದ. ಬಳಗದ ಸ್ಥಾಪಕ ಅಧ್ಯಕ್ಷ ವಾದಿರಾಜ, ಶಿವಮೊಗ್ಗದ ಆಲ್ಕೊಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವವನು, ಕಾರನ್ನೇ ಮಾರಿಬಿಡಲು ಸಲಹೆ ಮಾಡಿದ. ರಾಮಯ್ಯನವರು ಬರೆದದ್ದು ಇಷ್ಟು: ‘ಬಿಸಿನೀರು ಸುರೀರಿ. ಒರೆಸಿ ವ್ಯಾಸಲೀನ್ ಹಚ್ಚಿ.’ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಸುದರ್ಶನನ ಭಾಗ ಎರಡು ಇನ್ನೂ ಸಿದ್ಧವಾಗುತ್ತಿದೆ.

ಒಮ್ಮೆ ಕ್ಲಚ್ಚಿನ ವಿಚಾರ ಕೇಳಲು ಫೋನನ್ನೇ ಮಾಡಿದೆ. ಹೆಂಗಸೊಬ್ಬರು ಎತ್ತಿಕೊಂಡರು. ಹಿಂದುಗಡೆ ಒಗ್ಗರಣೆ ಚಟಪಟ ಅನ್ನುತ್ತಿತ್ತು. ನಾನು ಬಹಳ ಸಭ್ಯತೆಯಿಂದ, ಕಾರಿನ ವಿಷಯ, ಸ್ವಲ್ಪ ಯಜಮಾನರಿಗೆ ಕೊಡಿಯಮ್ಮ ಅಂದೆ. ಕೊಟ್ಟರು. ರಾಮಯ್ಯನವರ ದನಿ ನಾನು ಊಹಿಸಿದಷ್ಟು ಗಡಸಾಗಿರಲಿಲ್ಲ. ನಾನು ಒಂದು ಪ್ರಶ್ನೆ ಕೇಳುವುದು, ಅವರು ಬಹಳ ಹೊತ್ತು ಮಾತೇ ಆಡದಿರುವುದು, ಆಮೇಲೆ ಒಂದೇ ವಾಕ್ಯದಲ್ಲಿ ಉತ್ತರ ಕೊಡುವುದು, ಹೀಗೆ ನಡೆಯಿತು. ಎಷ್ಟು ಯೋಚನೆ ಮಾಡಿ ಮಾತಾಡುತ್ತಾರೆ ನೋಡು ಎಂದು ಹೆಂಡತಿಗೆ ಹೇಳಿದೆ. ನನ್ನನ್ನು ನೋಡಿಕೊಂಡೇ ಅವಳು ಹೌದು ಅಂದಳು. ರಾಮಯ್ಯನವರು ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದಿರಬೇಕು ಎಂದು ನಾನೇ ತೀರ್ಮಾನಿಸಿ ವಾದಿರಾಜನಿಗೂ ತಿಳಿಸಿದ್ದರಿಂದ, ಅವನು ಆಗಸ್ಟ್ ಹದಿನೈದಕ್ಕೆ ಅವರ ಹೆಸರು ಹಾಕಿ ಸೆಲ್ಯೂಟ್ ಹೊಡೆಯುವ ಚಿತ್ರ ಕಳಿಸಿದ. ‘ಟೈರ್ ಗಾಳಿ ನೋಡ್ಕೊಳಿ’ ಎಂದು ಉತ್ತರ ಬಂತು.

ಇಂಥ ರಾಮಯ್ಯನವರು ಅಕ್ಟೋಬರ್ ಕೊನೆಯಲ್ಲಿ ಮೊದಲ ಸಲ ತಾವೇ ಒಂದು ಪ್ರಶ್ನೆ ಹಾಕಿದರು. ಅವರ ಕಾರು ಎರಡು ಸಾವಿರದ ಐದನೇ ಇಸವಿಯದು. ಇಪ್ಪತ್ತು ವರ್ಷ ತುಂಬಿದೆ. ಇನ್ನೈದು ವರ್ಷ ಓಡಿಸಬೇಕಾದರೆ ನವೆಂಬರ್ ಹದಿನೆಂಟಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಿ ಪಾಸು ಮಾಡಿಸಬೇಕು. ಆಟೋ ಒಂದು ಹಿಂದಕ್ಕೆ ಬಂದು ಎಡಗಡೆಯ ಹಿಂದಿನ ದೀಪವನ್ನು ಪುಡಿ ಮಾಡಿದೆ. ಆ ಮಾದರಿ ನಿಂತು ಎಷ್ಟೋ ಕಾಲವಾದ್ದರಿಂದ ದೀಪ ಎಲ್ಲೂ ಸಿಗುತ್ತಿಲ್ಲ; ಗುಜರಿಯಲ್ಲಿ ಹುಡುಕಿದರೆ ಬಲಗಡೆಯದೇ ಸಿಗುತ್ತದೆ. ದೀಪ ಇಲ್ಲದೆ ಕಾರು ಪಾಸಾಗುವುದಿಲ್ಲ, ಪಾಸಾಗದೆ ರಸ್ತೆಗೆ ಇಳಿಸುವಂತಿಲ್ಲ. ಯಾರ ಹತ್ತಿರವಾದರೂ ಇದೆಯೇ?

ನಲವತ್ತಮೂರು ಉತ್ತರ ಬಂದವು. ಸುದರ್ಶನ ಕೆಂಪು ಬಣ್ಣ ದೂರಕ್ಕೆ ಯಾಕೆ ಕಾಣುತ್ತದೆ ಎಂಬುದನ್ನು ವಿವರಿಸಿದ. ಇನ್ನೊಬ್ಬರು ಬಲಗಡೆಯದನ್ನೇ ತಲೆಕೆಳಗು ಮಾಡಿ ಹಾಕಿ ನೋಡಿ ಅಂದರು. ಹಳೆಯ ಕಾರುಗಳನ್ನು ಗೌರವದಿಂದ ಬೀಳ್ಕೊಡುವುದೂ ಒಂದು ಸಂಸ್ಕಾರ ಎಂದು ವಾದಿರಾಜ ಬರೆದು, ಜೊತೆಗೆ ತನ್ನ ಏಳು ತಿಂಗಳ ಹೊಸ ಕಾರಿನ ಫೋಟೊ ಲಗತ್ತಿಸಿದ. ದೀಪ ಮಾತ್ರ ಯಾರ ಹತ್ತಿರವೂ ಇರಲಿಲ್ಲ.

ಗುಂಪಿನ ಗಮನ ಆಗ ಬೇರೆ ಕಡೆ ಇತ್ತು ಅನ್ನಿ. ಬಳಗದ ಮೊದಲ ಸಮಾವೇಶ ನವೆಂಬರ್ ಹದಿನಾರರ ಭಾನುವಾರಕ್ಕೆ ಗೊತ್ತಾಗಿತ್ತು. ಆಲ್ಕೊಳದಲ್ಲಿ ವಾದಿರಾಜನ ಮನೆಯ ಮುಂದೆ ಸೇರಿ, ಸಾಲಾಗಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ, ಆನೆ ನೋಡಿ, ಊಟ ಮಾಡಿ ಬರುವುದು. ಟೀ ಶರ್ಟಿನ ಬಣ್ಣಕ್ಕೆ ಹನ್ನೊಂದು ದಿನ ಹಿಡಿಯಿತು. ಕಡುನೀಲಿ ಎರಡು ಮತದಿಂದ ಗೆದ್ದಿತು. ಸೋತ ಮೆರೂನ್ ಪಕ್ಷದವರು ಮೆರೂನ್ ಹಾಕಿಕೊಂಡೇ ಬಂದರು. ಸಾಲಿನಲ್ಲಿ ಯಾರ ಹಿಂದೆ ಯಾರು ಎಂಬುದು ದೊಡ್ಡ ತಕರಾರಾಯಿತು. ಕಾರಿನ ಬೆಲೆಯಂತೆ ಹೋಗೋಣ ಎಂದರೆ ಅರ್ಧ ಜನ ಮುನಿಸಿಕೊಂಡರು, ಮಾಲೀಕರ ವಯಸ್ಸಿನಂತೆ ಎಂದರೆ ಯಾರೂ ವಯಸ್ಸು ಹೇಳಲಿಲ್ಲ. ಕೊನೆಗೆ ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿ, ಮೊತ್ತ ಹೆಚ್ಚಿದ್ದವರು ಮುಂದೆ ಎಂದಾಯಿತು. ವಾದಿರಾಜನದು ನಾಲ್ಕೂ ಅಂಕಿ ಒಂಬತ್ತು. ಊಟ ಮರದ ಕೆಳಗೆ ಬೇಡ, ಹಕ್ಕಿ ಹಿಕ್ಕೆ ಹಾಕಿದರೆ ಪೇಂಟಿಗೆ ಏಟು ಎಂದು ಒಬ್ಬರು ಎಚ್ಚರಿಸಿದ್ದರಿಂದ ಬಿಸಿಲಿನಲ್ಲೇ ಉಣ್ಣುವುದೆಂದು ಒಪ್ಪಿಗೆಯಾಯಿತು. ಊಟ ಯಾರು ತರುವುದು ಎಂಬ ಪ್ರಶ್ನೆಗೆ ಎಲ್ಲರೂ ಬೇರೆ ಬೇರೆ ಹೋಟೆಲಿನ ಹೆಸರು ಹೇಳುತ್ತಿರುವಾಗ ರಾಮಯ್ಯನವರು, ‘ನಾನು ತರ್ತೀನಿ. ಮೂವತ್ತು ಜನ’ ಎಂದರು. ಮಿಲಿಟರಿಯವರು ಅಡಿಗೆಯನ್ನೂ ಕಲಿತಿರುತ್ತಾರೆ ಎಂದು ನನ್ನ ಗೌರವ ಇನ್ನಷ್ಟು ಹೆಚ್ಚಿತು.

ಭಾನುವಾರ ಬೆಳಿಗ್ಗೆ ಹದಿಮೂರು ಕಾರು ಬಂದು ನಿಂತಿದ್ದವು. ವಾದಿರಾಜ ಅಂದು ಒಂದು ವಿಶೇಷ ಇಟ್ಟುಕೊಂಡಿದ್ದ. ಶೋರೂಮಿನಿಂದ ಬಂದ ದಿನದಿಂದಲೂ ತನ್ನ ಕಾರಿನ ಸೀಟುಗಳಿಗೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಸಮಾವೇಶದ ಉದ್ಘಾಟನೆಗೆಂದು ಉಳಿಸಿಕೊಂಡಿದ್ದನಂತೆ. ಹೆಂಡತಿ ದೀಪಶ್ರೀ ತಟ್ಟೆಯಲ್ಲಿ ಕತ್ತರಿ ಹಿಡಿದು ನಿಂತಳು. ವಾದಿರಾಜ ಪ್ಲಾಸ್ಟಿಕ್ ಕತ್ತರಿಸಿದ. ಒಳಗೆ ಕೆನೆಹಾಲಿನ ಬಣ್ಣದ ಸೀಟು. ನಾವು ಒಬ್ಬೊಬ್ಬರಾಗಿ, ಗರ್ಭಗುಡಿಯೊಳಗೆ ಇಣುಕುವಂತೆ, ಕೈ ಹಿಂದೆ ಕಟ್ಟಿಕೊಂಡು ಇಣುಕಿದೆವು. ಯಾರನ್ನೂ ಕೂರಲು ಬಿಡಲಿಲ್ಲ.

ಅಷ್ಟರಲ್ಲಿ ಬೆಳ್ಳಿ ಬಣ್ಣದ ಒಂದು ಪುಟ್ಟ ಕಾರು ಸದ್ದಿಲ್ಲದೆ ಬಂದು ಹದಿನಾಲ್ಕನೆಯದಾಗಿ ನಿಂತಿತು. ಅದರ ಎಡ ಹಿಂಬದಿಗೆ ಕೆಂಪು ಬಣ್ಣದ ಕಾಗದವನ್ನು ಟೇಪಿನಿಂದ ಅಂಟಿಸಿತ್ತು. ಎಡಗಡೆಯ ಬಾಗಿಲಿನಿಂದ ಒಬ್ಬ ಸಣಕಲು ಮನುಷ್ಯ, ಕೈಯಲ್ಲೊಂದು ನಿಂಬೆಹಣ್ಣು ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಇಳಿದರು. ಮೀಸೆಯೇ ಇರಲಿಲ್ಲ. ಆದರೂ ಬೇರೆ ಗಂಡಸರಾರೂ ಇಳಿಯದ ಕಾರಣ ನಾನು ನೇರವಾಗಿ ಅವರ ಬಳಿ ಹೋಗಿ, ರಾಮಯ್ಯನವರೇ ಎಂದು ಎರಡೂ ಕೈಯಿಂದ ಕೈಕುಲುಕಿ, ನಿಂತ ನಿಲುವಿನಲ್ಲೇ ಕ್ಲಚ್ಚಿನ ಬಗ್ಗೆ ಇನ್ನೊಂದು ಸಂಶಯ ಕೇಳಿಬಿಟ್ಟೆ.

ಅವರು ನಿಂಬೆಹಣ್ಣನ್ನು ಮೂಸಿದರು. “ಅವ್ಳನ್ನ ಕೇಳಿ ಸಾರ್. ನಂಗೆ ಕಾರ್ ಹತ್ತಿದ್ರೆ ತಲೆ ಸುತ್ತುತ್ತೆ.”

ಸ್ಟೀರಿಂಗಿನ ಕಡೆಯಿಂದ ಇಳಿದಿದ್ದ ಹೆಂಗಸು ಡಿಕ್ಕಿ ತೆಗೆಯುತ್ತಿದ್ದರು. ಐವತ್ತೇಳು ಐವತ್ತೆಂಟರ ಕುಳ್ಳಗಿನ ಹೆಂಗಸು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೊರಳಿಗೆ ದಾರ ಕಟ್ಟಿ ನೇತುಬಿಟ್ಟ ಕನ್ನಡಕ. ತಿರುಗಿ ನನ್ನನ್ನು ಒಮ್ಮೆ ನೋಡಿದರು.

“ಯಜಮಾನ್ರಿಗೆ ಕೊಡಿ ಅಂದೋರು ನೀವೇ ತಾನೆ? ನೀವು ಕೇಳೋದು, ಇವ್ರು ನನ್ನ ಕೇಳೋದು, ಅಷ್ಟೊತ್ತಿಗೆ ನನ್ನ ಒಗ್ಗರಣೆ ಸೀದೋಯ್ತು. ಕ್ಲಚ್ ಸರಿ ಹೋಯ್ತಾ?”

ಹೀಗೆ ನನಗೆ ಉಚ್ಚಂಗಮ್ಮನ ಪರಿಚಯವಾಯಿತು. ಫೋನು ಗಂಡನ ಹೆಸರಿನಲ್ಲಿದೆ, ಅಷ್ಟೇ. ಗಂಡ ಅದನ್ನು ಅಲಾರಂ ಇಡಲು ಬಳಸುತ್ತಾರೆ.

ರಾಮಯ್ಯನವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದಾಗ ಆಸೆಪಟ್ಟು ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡರಂತೆ. ಮೊದಲ ದಿನ ಸ್ಟೀರಿಂಗ್ ಮುಂದೆ ಕೂತವರಿಗೆ ತಲೆ ಸುತ್ತಿ, ಇಳಿದವರು ಮತ್ತೆ ಆ ಕಡೆಯಿಂದ ಹತ್ತಲಿಲ್ಲ. ಆರು ತಿಂಗಳು ಕಾರು ಟಾರ್ಪಾಲಿನ ಕೆಳಗಿತ್ತು. ಒಳಗೆ ಕೋಳಿ ಮೊಟ್ಟೆ ಇಟ್ಟ ಮೇಲೆ, ಕೋಳಿ ಕೂರೋದಾದ್ರೆ ನಾನೂ ಕೂರ್ತೀನಿ ಎಂದು ಉಚ್ಚಂಗಮ್ಮ ಕೂತರು. ಆಗ ಅವರಿಗೆ ನಲವತ್ತಾರು. ಕಲಿಸಿದವರು ಪಕ್ಕದ ಸಾಲಿನ ಮನೆಯ ತಮಿಳು ಲಾರಿ ಡ್ರೈವರ್. ಆತನ ಪಾಠದಲ್ಲಿದ್ದದ್ದು ‘ಮೆದುವಾ’ ಎಂಬ ಒಂದೇ ಮಾತು, ನಿಧಾನ ಅಂತ. ಗೇರು ಹಾಕುವಾಗಲೂ ಮೆದುವಾ, ಬ್ರೇಕು ಒತ್ತುವಾಗಲೂ ಮೆದುವಾ.

ಆಮೇಲೆ ಅವರು ಊಟದ ಕ್ಯಾರಿಯರ್ ಶುರು ಮಾಡಿದರು. ಭದ್ರಾವತಿ ಹಳೆನಗರದ ತಮ್ಮ ಅಡಿಗೆಮನೆಯಿಂದ ನ್ಯೂಟೌನು, ಕಾಗದನಗರಕ್ಕೆ ದಿನಕ್ಕೆ ಮೂವತ್ತಾರು ಕ್ಯಾರಿಯರು. ಅಂಗಡಿಯವರು, ಒಂಟಿ ಮೇಷ್ಟ್ರುಗಳು, ಹೆಂಡತಿ ತೌರಿಗೆ ಹೋದವರು. ಕ್ಯಾರಿಯರಿನ ಎಲ್ಲಕ್ಕಿಂತ ಮೇಲಿನ ಡಬ್ಬಿ ಸಾರಿನದು. ಅದರ ಮುಚ್ಚಳದ ಒಳಗಡೆ ಸಾರು ತಾಗಿದ ಗುರುತು ಕಂಡರೆ ಆವತ್ತು ತಾನು ಸರಿಯಾಗಿ ಓಡಿಸಲಿಲ್ಲ ಎಂದು ಅವರ ಲೆಕ್ಕ. ಹನ್ನೊಂದು ವರ್ಷದಿಂದ ಪ್ರತಿ ಮಧ್ಯಾಹ್ನ ಮೂವತ್ತಾರು ಪರೀಕ್ಷೆ. ಈಗ ದೀಪದಿಂದಾಗಿ ಕಾರು ನಿಂತರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಏನ್ ಮಾಡೋದು? ಮೂವತ್ತಾರು ಜನ ಮಧ್ಯಾಹ್ನ ಬಿಸ್ಕತ್ತು ತಿಂತಾರೆ, ನಾನೂ ಅದನ್ನೇ ತಿಂತೀನಿ” ಅಂದರು. ದೀಪಕ್ಕೆ ಉಳಿದಿದ್ದದ್ದು ಎರಡೇ ದಿನ.

ಹೊರಡುವ ಮುಂಚೆ ವಾದಿರಾಜ ಎಲ್ಲರನ್ನೂ ತನ್ನ ಗ್ಯಾರೇಜಿನ ಪಕ್ಕದ ಕೋಣೆಗೆ ಕರೆದೊಯ್ದ. ಅದಕ್ಕವನು ಮ್ಯೂಸಿಯಂ ಎನ್ನುತ್ತಾನೆ. ಸ್ಟೀರಿಂಗಿನಲ್ಲಿ ಕೂರಿಸಿದ ಗೋಡೆ ಗಡಿಯಾರ ಇತ್ತು. ಚೌಕಟ್ಟು ಹಾಕಿದ ಸ್ಪಾರ್ಕ್ ಪ್ಲಗ್ ಇತ್ತು. ನಡುವೆ ಒಂದು ಗಾಜಿನ ಪೆಟ್ಟಿಗೆಯಲ್ಲಿ, ಒಳಗೆ ಬಲ್ಬು ಇಟ್ಟು, ಕೆಂಪಗೆ ಉರಿಯುತ್ತಿರುವ ಒಂದು ಕಾರಿನ ಹಿಂದಿನ ದೀಪ. ಕೆಳಗೆ ಹಿತ್ತಾಳೆಯ ಫಲಕ: ‘ನನ್ನ ಮೊದಲ ಪಯಣ.’ ಅದು ತನ್ನ ಮೊದಲ ಕಾರಿನದು ಎಂದು ವಾದಿರಾಜ ದನಿ ತಗ್ಗಿಸಿ ಹೇಳಿದ.

ಉಚ್ಚಂಗಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಇದು ಎಡಗಡೇದು.”

ಎಲ್ಲರೂ ವಾದಿರಾಜನ ಕಡೆ ತಿರುಗಿದರು; ಅವನ ಮೊದಲ ಕಾರೂ ಬೆಳ್ಳಿ ಕಾರಿನ ಮಾದರಿಯದೇ ಆಗಿತ್ತು. ಗುಂಪಿನಲ್ಲಿ ಮೂರು ವಾರ ಓಡಾಡಿದ ಆ ಸಂದೇಶವನ್ನು ವಾದಿರಾಜ ಓದಿರಲಿಲ್ಲ. ಉತ್ತರ ಮಾತ್ರ ಬರೆದಿದ್ದ. ಉಚ್ಚಂಗಮ್ಮ ಪೆಟ್ಟಿಗೆಯ ಹಿಂದಕ್ಕೆ ಹೋಗಿ ಇನ್ನೊಮ್ಮೆ ಬಗ್ಗಿ, ಕಂಪನಿಯ ಚೀಟಿ ಹಾಗೇ ಇದೆಯಲ್ಲ, ಇದನ್ನು ಯಾವ ಕಾರಿಗೂ ಹಾಕಿಯೇ ಇಲ್ಲ ಎಂದರು. ನಿಜ ಹೊರಬಿತ್ತು. ಮುಂದೆ ಬೇಕಾದೀತೆಂದು ಅವನು ಒಂದು ದೀಪ ಕೊಂಡಿಟ್ಟಿದ್ದ. ಬೇಕಾಗುವ ಮೊದಲೇ ಕಾರು ಮಾರಿದ್ದ. ಅವನ ಮೊದಲ ಪಯಣದಲ್ಲಿ ಆ ದೀಪ ಒಂದು ಗಜವೂ ಪಯಣಿಸಿರಲಿಲ್ಲ.

“ಕಾರಿಗೆ ಹಾಕಿಲ್ಲ ನಿಜ. ಆದ್ರೆ ಅದ್ರಲ್ಲಿ ನನ್ ಭಾವನೆ ಹಾಕಿದೀನಲ್ಲ ಮೇಡಂ” ಎಂದ ವಾದಿರಾಜ.

ಕೇಳಿದ ಬೆಲೆ ಕೊಡುತ್ತೇನೆ ಎಂದರು ಉಚ್ಚಂಗಮ್ಮ. ಪರಂಪರೆಗೆ ಬೆಲೆ ಕಟ್ಟಲಾಗದು ಎಂದ ಅವನು. ಸುಮ್ಮನಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟೂ ಜನ ತನ್ನನ್ನೇ ನೋಡುತ್ತಿರುವಾಗ ಸುಮ್ಮನಾಗುವುದು ಅಧ್ಯಕ್ಷರ ಜಾತಕದಲ್ಲಿಲ್ಲ. ನಿಮ್ಮ ಕಾರಿಗೆ ವಯಸ್ಸಾಯಿತು, ನಮ್ಮದರಲ್ಲಿ ತುಂಬಿದ ಲೋಟ ಇಟ್ಟು ಓಡಿಸಿದರೂ ತುಳುಕುವುದಿಲ್ಲ ಎಂದು, ಗುಂಪಿನಲ್ಲಿ ಈಗಾಗಲೇ ಹತ್ತೊಂಬತ್ತು ಸಲ ಬರೆದಿದ್ದನ್ನು ಇಪ್ಪತ್ತನೆಯ ಸಲ ಬಾಯಲ್ಲಿ ಹೇಳಿದ.

“ಲೋಟ ಯಾಕೆ? ಸಾರೇ ಇದೆ” ಎಂದರು ಉಚ್ಚಂಗಮ್ಮ. “ಒಂದ್ ಡಬ್ಬಿ ನಿಮ್ ಕಾರಲ್ಲಿ, ಒಂದ್ ಡಬ್ಬಿ ನನ್ ಕಾರಲ್ಲಿ. ಮುಚ್ಚಳ ಬೇಡ. ಸಕ್ರೆಬೈಲಿಗೆ ಹೋಗಣ. ನಿಮ್ದು ಚೆಲ್ಲಿಲ್ಲ ಅಂದ್ರೆ ದೀಪದ ಸುದ್ದಿ ಎತ್ತಲ್ಲ. ಚೆಲ್ತು ಅಂದ್ರೆ ದೀಪ ನನ್ದು.”

ಮೆರೂನ್ ಪಕ್ಷದವರು ಚಪ್ಪಾಳೆ ತಟ್ಟಿದ್ದರಿಂದ ವಾದಿರಾಜ ಹಿಂದೆ ಸರಿಯುವಂತಿರಲಿಲ್ಲ. ದೀಪಶ್ರೀ ಅವನನ್ನು ಪಕ್ಕಕ್ಕೆ ಕರೆದು, ಪ್ಲಾಸ್ಟಿಕ್ ವಾಪಸು ಹೊದಿಸೋಣ ರೀ ಅಂದಳು. ಅದು ಉದ್ಘಾಟನೆಯಲ್ಲಿ ಎರಡು ತುಂಡಾಗಿತ್ತು. ಸುದರ್ಶನನನ್ನು ಉಚ್ಚಂಗಮ್ಮನ ಕಾರಿಗೆ ಅಂಪೈರ್ ಎಂದೂ ನನ್ನನ್ನು ವಾದಿರಾಜನ ಕಾರಿಗೆ ಎಂದೂ ನೇಮಿಸಲಾಯಿತು. ನಾನು ಚಪ್ಪಲಿ ಹೊರಗೆ ಬಿಟ್ಟು ಹತ್ತಿ, ಹಿಂದಿನ ಕೆನೆ ಸೀಟಿನಲ್ಲಿ ಸಾರಿನ ಡಬ್ಬಿಯ ಪಕ್ಕ ಕೂತೆ. ಡಬ್ಬಿಯ ಕೆಳಗೆ ಮಡಿಸಿದ ಪೇಪರು. ನಾನು ಕೈ ತಾಗಿಸಬಾರದೆಂದು ನಿಯಮ.

ವಾದಿರಾಜ ಕೆಟ್ಟ ಡ್ರೈವರೇನಲ್ಲ. ಅವನಿಗಿರುವುದು ಕಾರಿನ ಮೇಲಿನ ಮಮತೆ. ಊರು ದಾಟುವವರೆಗೆ ಇಪ್ಪತ್ತರಲ್ಲೇ ಹೋದ. ಹಿಂದೆ ಬಸ್ಸುಗಳು ಹಾರ್ನು ಬಾರಿಸಿದವು. ತೀರ್ಥಹಳ್ಳಿ ರಸ್ತೆಗೆ ಇಳಿದ ಮೇಲೆ ಪ್ರತಿ ಗುಂಡಿ ಕಂಡಾಗಲೂ, ಎಲ್ಲಿ ಚಕ್ರದ ಹೊಳಪಿಗೆ ಗೀರು ಬಿದ್ದೀತೋ ಎಂದು, ಪ್ರತ್ಯೇಕವಾಗಿ ಒಂದೊಂದು ಬ್ರೇಕು ಹಾಕಿದ. ಪ್ರತಿ ಬ್ರೇಕಿಗೂ ಸಾರು ಮುಂದಕ್ಕೆ ಹೋಗಿ, ಡಬ್ಬಿಯ ಅಂಚಿನಿಂದ ಹೊರಗೆ ಇಣುಕಿ, ಹಿಂದಕ್ಕೆ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ದೀಪಶ್ರೀ ಫೋನು ಹಿಡಿದು ಬಳಗದ ಉಳಿದವರಿಗೆ ನೇರ ಪ್ರಸಾರ ಮಾಡುತ್ತಿದ್ದಳು. ವಾದಿರಾಜ ಅದಕ್ಕೆ ವೀಕ್ಷಕ ವಿವರಣೆ ಕೊಡುತ್ತ, ಸಸ್ಪೆನ್ಷನ್ ಎಂದರೇನು ಎಂದು ಹೇಳುತ್ತಿದ್ದ. ಗಾಜನೂರು ದಾಟಿದ ಮೇಲೆ, ಬಣ್ಣ ಬಳಿಯದ ಒಂದು ಹೊಸ ಹಂಪ್ ಬಂತು. ಅವನು ನೋಡಿದ್ದು ಹತ್ತು ಅಡಿ ದೂರದಲ್ಲಿ.

ಸಾರು ಎದ್ದು ನಿಂತಿತು. ಒಂದು ಕ್ಷಣ ಯಾವ ಕಡೆ ಹೋಗಲಿ ಎಂದು ಯೋಚಿಸಿದಂತೆ ಕಂಡಿತು. ಅರ್ಧ ಕೆನೆ ಸೀಟಿಗೆ ಹೋಯಿತು, ಕಾಲು ಭಾಗ ನನ್ನ ಪ್ಯಾಂಟಿಗೆ ಬಂತು. ಟೊಮೆಟೊ ಸಾರು, ಇನ್ನೂ ಬಿಸಿಯಿತ್ತು. ಒಂದು ಕರಿಬೇವಿನ ಎಸಳು ಸೀಟಿನ ಹೊಲಿಗೆಯ ಮೇಲೆ ಅಂದವಾಗಿ ಕೂತಿತು. ವಾದಿರಾಜ ಕಾರು ನಿಲ್ಲಿಸಿ, ಮೊದಲು ಸೀಟು ನೋಡಿದ, ಆಮೇಲೆ ಸಾರಿಗೆ ನಾನೇ ಏನೋ ಹೇಳಿಕೊಟ್ಟೆ ಎಂಬಂತೆ ನನ್ನನ್ನು ನೋಡಿದ. ದೀಪಶ್ರೀ ನೇರ ಪ್ರಸಾರ ನಿಲ್ಲಿಸಲು ಮರೆತು, “ಪ್ಲಾಸ್ಟಿಕ್ಕು” ಎಂದು ಒಂದೇ ಮಾತು ಹೇಳಿದಳು. ನಲವತ್ತೊಂದು ಜನ ನೋಡಿದರು.

ನಮ್ಮ ಪಕ್ಕದಲ್ಲಿ ಬೆಳ್ಳಿ ಕಾರು ದಾಟಿಹೋಯಿತು. ಹಂಪ್ ಬರುವ ಎಷ್ಟೋ ಮೊದಲೇ ಉಚ್ಚಂಗಮ್ಮ ಆಕ್ಸಿಲರೇಟರಿನಿಂದ ಕಾಲು ಎತ್ತಿದ್ದರು. ಕಾರು ತಾನಾಗಿ ನಿಧಾನವಾಗಿ, ಬ್ರೇಕಿನ ದೀಪವೇ ಹೊತ್ತದೆ, ಹಂಪನ್ನು ಹತ್ತಿ ಇಳಿಯಿತು. ಹೊತ್ತಿದ್ದರೂ ಎಡಗಡೆ ಕಾಗದವಷ್ಟೇ ಇತ್ತಲ್ಲ. ಹಿಂದಿನ ಸೀಟಿನಲ್ಲಿ ಸುದರ್ಶನ ಡಬ್ಬಿಯನ್ನೇ ದಿಟ್ಟಿಸುತ್ತಿದ್ದ. ಮುಂದೆ ರಾಮಯ್ಯನವರು ನಿಂಬೆಹಣ್ಣು ಹಿಡಿದು ನಿದ್ದೆ ಹೋಗಿದ್ದರು.

ನಾವೆಲ್ಲ ಸಕ್ರೆಬೈಲು ಮುಟ್ಟಿದಾಗ ಆನೆಗಳು ಸ್ನಾನ ಮುಗಿಸಿ, ತಿಂಡಿ ತಿಂದು, ಕಾಡಿಗೆ ಹೋಗಿಯಾಗಿತ್ತು. ಬಿಸಿಲಿನಲ್ಲಿ ಕೂತು ಉಂಡೆವು. ಉಚ್ಚಂಗಮ್ಮನ ಡಬ್ಬಿಯಲ್ಲಿ ಸಾರು ಎರಡು ಮಿಲಿಮೀಟರ್ ಇಳಿದಿದೆ, ಅದು ಆವಿಯಾದದ್ದು ಎಂದು ಸುದರ್ಶನ ಸ್ಕೇಲು ಇಟ್ಟು ಘೋಷಿಸಿದ. ಬಹುಶಃ ಅವನು ಕೊಟ್ಟ ಅತ್ಯಂತ ಚಿಕ್ಕ ವರದಿ ಅದು. ವಾದಿರಾಜ ಮೊಸರನ್ನ ಮಾತ್ರ ತಿಂದ.

ದೀಪವನ್ನು ಅವನು ಅಂದು ಕೊಡಲಿಲ್ಲ. ಹಂಪ್ ನಿಯಮದ ಪ್ರಕಾರ ಇರಲಿಲ್ಲವಾದ್ದರಿಂದ ವಿಷಯ ಬಳಗದ ಮುಂದೆ ಬರಬೇಕು ಎಂದು ಗುಂಪಿನಲ್ಲಿ ಮತಕ್ಕೆ ಹಾಕಿದ. ಕೊಡಬೇಕು, ಕೊಡಬಾರದು, ಚರ್ಚೆಯಾಗಲಿ. ‘ಚರ್ಚೆಯಾಗಲಿ’ಗೆ ಎಪ್ಪತ್ತನಾಲ್ಕು ಮತ ಬಿತ್ತು. ಸೋಮವಾರ ಮಧ್ಯಾಹ್ನವಾದರೂ ಚರ್ಚೆ ನಡೆದೇ ಇತ್ತು. ಮರುದಿನ ಬೆಳಿಗ್ಗೆ ಆರ್‌ಟಿಒ. ನಾನು ಫೋನ್ ಮಾಡಿ, ಈ ಸಲ ಯಜಮಾನರನ್ನು ಕೇಳದೆ, ಏನಾಯಿತೆಂದು ವಿಚಾರಿಸಿದೆ. ಕೆಂಪು ಕಾಗದ ಎರಡು ಪದರ ಹಾಕಿದೀನಿ ಎಂದರು ಉಚ್ಚಂಗಮ್ಮ. ಆ ದನಿಯ ಹಿಂದೆ ಒಗ್ಗರಣೆಯ ಸದ್ದು ಇರಲಿಲ್ಲ.

ಆಮೇಲಿನದು ನನಗೆ ರಾಮಯ್ಯನವರಿಂದ ತಿಳಿದದ್ದು. ಸೋಮವಾರ ಮೂರು ಗಂಟೆಗೆ ದೀಪಶ್ರೀ ಫೋನ್ ಮಾಡಿದಳಂತೆ. ಶಿವಮೊಗ್ಗದ ಯಾವ ಅಂಗಡಿಯ ದ್ರಾವಣಕ್ಕೂ ಸೀಟಿನ ಕಲೆ ಹೋಗುತ್ತಿಲ್ಲ, ಮನೆಯವರು ಊಟ ಬಿಟ್ಟು ಕೂತಿದ್ದಾರೆ, ಏನು ಮಾಡಲಿ ಎಂದು. ಉಚ್ಚಂಗಮ್ಮ ದೀಪದ ಮಾತು ಎತ್ತಲಿಲ್ಲ. “ಕಡ್ಲೆಹಿಟ್ಟು ಉದುರ್ಸು ಮಾರಾಯ್ತಿ. ಒಣಗಿದ್ಮೇಲೆ ಕೊಡವಿ ತಣ್ಣೀರ್ ಬಟ್ಟೇಲಿ ಒರ್ಸು. ಉಜ್ಬೇಡ” ಎಂದು ಇಟ್ಟರು. ಐದೂವರೆಗೆ ವಾದಿರಾಜ ತಾನೇ ಹಳೆನಗರದ ಮನೆಯ ಮುಂದೆ ಬಂದು ನಿಂತಿದ್ದ. ಕೈಯಲ್ಲಿ ದೀಪ, ಕತ್ತರಿಸಿದ ಸೀಟಿನ ಪ್ಲಾಸ್ಟಿಕ್ಕಿನಲ್ಲೇ ಸುತ್ತಿದ್ದು. ಕಲೆ ಹೋಯ್ತು ಎಂದಷ್ಟೇ ಹೇಳಿದನಂತೆ. ಸ್ಕ್ರೂ ತಾನೇ ತಿರುಗಿಸುತ್ತೇನೆಂದು ಹಟ ಹಿಡಿದು ನೆಲದ ಮೇಲೆ ಕೂತ. ರಾಮಯ್ಯನವರು ಸ್ಟೀರಿಂಗ್ ಮುಂದೆ ಕೂರಲು ಒಪ್ಪದ್ದರಿಂದ ಉಚ್ಚಂಗಮ್ಮನೇ ಬ್ರೇಕು ಒತ್ತಿದರು. ದೀಪ ಹೊತ್ತಿಕೊಂಡಾಗ ವಾದಿರಾಜ ಬಹಳ ಹೊತ್ತು ಅದರ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತಿದ್ದನಂತೆ. ಹಿತ್ತಾಳೆ ಫಲಕವನ್ನೂ ಅದರ ಕೆಳಗೆ ಅಂಟಿಸಲೇ ಎಂದು ಕೇಳಿದ. ಇನ್ಸ್‌ಪೆಕ್ಟರ್ರು ಇದೇನು ಪಯಣ ಅಂತ ಕೇಳ್ತಾರೆ, ಬೇಡ ಎಂದರು ಉಚ್ಚಂಗಮ್ಮ. ಕೊನೆಗೆ ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯೊಳಗೆ ಇಡಲು ಬಿಟ್ಟರು.

ಮಂಗಳವಾರ ನಾನು ಶಿವಮೊಗ್ಗದ ಆರ್‌ಟಿಒ ಕಚೇರಿಯ ಹತ್ತಿರ ಹೋದೆ. ಭದ್ರಾವತಿಯಲ್ಲಿ ಕೆಲಸವಿತ್ತು, ನನ್ನ ಕಾರು ಸರ್ವೀಸಿಗೆ ಹೋಗಿತ್ತು, ಬ್ಯಾಟರಿಯ ಮೇಲೆ ಸುದರ್ಶನನ ಭಾಗ ಒಂದನ್ನೂ ನಾನು ಪ್ರಯೋಗ ಮಾಡಿದ್ದರಿಂದ. ಇನ್ಸ್‌ಪೆಕ್ಟರು ಬೆಳ್ಳಿ ಕಾರಿನ ಸುತ್ತ ಎರಡು ಸುತ್ತು ಬಂದರು. ಬ್ರೇಕ್ ಒತ್ತಿ ಅಂದರು. ಎಡಗಡೆ ಬಲಗಡೆ ಎರಡೂ ಹೊತ್ತಿದವು. ಎಡಗಡೆಯದು ಮದುವಣಗಿತ್ತಿಯ ಹಾಗೆ ಹೊಳೆಯಿತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಏನೂ ಕೇಳದೆ, ಐದು ವರ್ಷಕ್ಕೆ ಬರೆದುಕೊಟ್ಟರು. ಉಚ್ಚಂಗಮ್ಮ ಕಾಗದವನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡು, ನನಗೆ ಹತ್ತಿ ಎಂದರು. ಗಂಟೆ ಹನ್ನೊಂದೂಕಾಲು. ಪಾಸಾಗುತ್ತದೋ ಇಲ್ಲವೋ ಗೊತ್ತಿಲ್ಲದೆಯೂ ಅವರು ಬೆಳಿಗ್ಗೆ ನಾಲ್ಕಕ್ಕೇ ಎದ್ದು ಮೂವತ್ತಾರು ಕ್ಯಾರಿಯರು ತುಂಬಿಸಿ ಕಾರಿನಲ್ಲಿಟ್ಟುಕೊಂಡೇ ಬಂದಿದ್ದರು.

ಮುಂದಿನ ಸೀಟು ರಾಮಯ್ಯನವರದು, ಅವರ ನಿಂಬೆಹಣ್ಣಿನದು. ನಾನು ಹಿಂದೆ ಕ್ಯಾರಿಯರುಗಳ ನಡುವೆ ಸಂದು ಮಾಡಿಕೊಂಡು ಕೂತೆ. ಕಾರು ಮೆಲ್ಲಗೆ ಭದ್ರಾವತಿಯ ರಸ್ತೆ ಹಿಡಿಯಿತು. ಒಂದು ಡಬ್ಬಿಯೂ ಇನ್ನೊಂದಕ್ಕೆ ತಾಗಲಿಲ್ಲ. ನನಗೆ ಮನಸ್ಸು ತುಂಬಿ ಬಂತು. ಮನಸ್ಸು ತುಂಬಿ ಬಂದಾಗ ನಾನು ಸಾಮಾನ್ಯವಾಗಿ ಮಾಡುವ ತಪ್ಪನ್ನೇ ಮಾಡಿದೆ. ಮುಂದಕ್ಕೆ ಬಗ್ಗಿ, ಉಚ್ಚಂಗಮ್ಮನವರೇ, ಈ ಕಾರಿಗೆ ಒಂದು ವೇಳೆ ಬಾಯಿ ಬಂದಿದ್ದರೆ ಇವತ್ತು ನಿಮಗೆ ಏನು ಹೇಳುತ್ತಿತ್ತು ಎಂದು ಕೇಳಿದೆ.

ಅವರು ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ಮೆದುವಾಗಿ ಗೇರು ಬದಲಿಸಿದರು.

“ದೀಪ ಬಂತಲ್ಲ, ಸಾಕು. ಬಾಯಿ ಬರೋದೇನೂ ಬೇಡ. ನೀವು ಆ ಬಾಗ್ಲು ಸರಿಯಾಗಿ ಹಾಕ್ಕೊಳಿ.”